ಜೋಡುನಳಿಗೆಯ ಕೋವಿಗಳ ಕಾಲನಿರ್ಣಯ

ಓಲೆಯ ಪ್ರತಿಯೊಂದರ ಕಾಲವನ್ನು ಹೇಳಬೇಕಾದಾಗ ವಿದ್ವಾಂಸರು ಗ್ರಂಥ ಹುಟ್ಟಿದ ಕಾಲ, ಪ್ರತಿಯನ್ನು ಬರೆದ ಕಾಲ, ಅದರಲ್ಲಿ ತಿದ್ದುಪಾಟುಗಳು ಸೇರಿದ ಕಾಲ ಎಂಬ ಮೂರನ್ನೂ ಬೇರೆ ಬೇರೆಯಾಗಿ ನೋಡುವುದು ವಾಡಿಕೆ. ಈ ವಿವೇಕವು ಲೋಹ ಮತ್ತು ಮರದಿಂದಾದ ವಸ್ತುಗಳಿಗೂ ಸಲ್ಲತಕ್ಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಜೋಡುನಳಿಗೆಯ ಬೇಟೆಕೋವಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಇವುಗಳಲ್ಲಿ ಬಹುಪಾಲಿನ ಮೇಲೆ ತಯಾರಾದ ವರ್ಷವನ್ನು ಕೆತ್ತಿರುವುದಿಲ್ಲ. ಆದರೂ ಕಾಲವನ್ನು ಸೂಚಿಸುವ ಗುರುತುಗಳು ಹೇರಳವಾಗಿವೆ. ಅವುಗಳನ್ನು ಮೂರು ವರ್ಗ ಮಾಡಬಹುದು: ಯಂತ್ರದ ರಚನೆ, ತಯಾರಕನ ಲೇಖ, ಪರೀಕ್ಷಾಲಯದ ಮುದ್ರೆ.

ಮೊದಲನೆಯದು ರಚನೆ. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವ ಕೋವಿಗಳೇ ಬಹುಕಾಲ ಬಳಕೆಯಲ್ಲಿದ್ದುವು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತನು ಏಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದನ್ನು ಹೊತ್ತಿಸುವ ಕ್ರಮಕ್ಕೆ 1807ರಲ್ಲಿ ಪೇಟೆಂಟು ಪಡೆದನು. ಮುಂದೆ ತಾಮ್ರದ ಕೇಪು ಬಂದು ಚಕಮಕಿಯನ್ನು ಹಿಂದಕ್ಕೆ ತಳ್ಳಿತು. 1830ರ ದಶಕದಲ್ಲಿ ಪ್ಯಾರಿಸಿನ ಲೆಫೋಷೆಯು ನಳಿಗೆಯನ್ನು ಮಡಿಸಿ ಹಿಂಬದಿಯಿಂದ ತೋಟಾ ತುಂಬುವ ಕೋವಿಯನ್ನು ರೂಪಿಸಿದನು. ಅದರ ತೋಟಾದ ಪಕ್ಕದಲ್ಲಿ ಒಂದು ಸಣ್ಣ ಮೊಳೆ ಚಾಚಿಕೊಂಡಿರುತ್ತಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಈ ಮಾದರಿಯನ್ನು ಕಂಡ ಮೇಲೆಯೇ ಇಂಗ್ಲೆಂಡಿನ ತಯಾರಕರು ಇದರ ಕಡೆಗೆ ತಿರುಗಿದರು. 1861ರಲ್ಲಿ ಡಾ ಎಂಬವನು ನಡುಬುಡದಲ್ಲಿ ಹೊತ್ತುವ ತೋಟಾವನ್ನು ಅಲ್ಲಿ ಬಳಕೆಗೆ ತಂದನು. 1863ರಲ್ಲಿ ಪರ್ಡಿಯು ನಳಿಗೆಯನ್ನು ಭದ್ರಪಡಿಸುವ ಜಾರುಚಿಲಕಕ್ಕೆ ಪೇಟೆಂಟು ಪಡೆದನು. 1875ರಲ್ಲಿ ಆನ್ಸನ್ ಮತ್ತು ಡೀಲಿ ಎಂಬವರು, ಹೊರಗೆ ಕಾಣುವ ಕುದುರೆಗಳಿಲ್ಲದೆ, ನಳಿಗೆಯನ್ನು ಮಡಿಸಿದೊಡನೆ ತಾನಾಗಿ ಬಿಗಿಗೊಳ್ಳುವ ಯಂತ್ರಕ್ಕೆ ಪೇಟೆಂಟು ಪಡೆದರು.

ಈ ವರ್ಷಗಳಿಂದ ಸಿದ್ಧವಾಗುವುದು ಪೂರ್ವಾವಧಿ ಮಾತ್ರ. ಕಾವ್ಯವೊಂದರಲ್ಲಿ ಸ್ಮರಿಸಲ್ಪಟ್ಟ ಕವಿಯು ಆ ಕಾವ್ಯದ ಕರ್ತೃವಿಗಿಂತ ಈಚಿನವನಾಗಲಾರನು. ಎಷ್ಟು ಹಿಂದಿನವನೆಂಬುದು ಅಷ್ಟರಿಂದಲೇ ತಿಳಿಯದು. ಹಾಗೆಯೇ ಜಾರುಚಿಲಕವುಳ್ಳ ಕೋವಿ 1863ಕ್ಕಿಂತ ಹಳೆಯದಲ್ಲವೆನ್ನಬಹುದೇ ಹೊರತು ಅದೇ ದಶಕದ್ದೆನ್ನಲಾಗದು. ಆಗಿನ ಇಂಗ್ಲಿಷ್ ಪೇಟೆಂಟಿನ ಅವಧಿ 14 ವರ್ಷ. ಅದು 1877ರಲ್ಲಿ ಮುಗಿದ ಮೇಲೆ ಆ ಚಿಲಕವು ಎಲ್ಲ ತಯಾರಕರ ಸ್ವತ್ತಾಯಿತು. ಕುದುರೆಗಳು ಹೊರಗಿರುವ ಕೋವಿಗಳೂ 1875ರಲ್ಲಿ ನಿಂತುಹೋಗಲಿಲ್ಲ. ಹಳೆಯ ರೂಢಿಯನ್ನು ಮೆಚ್ಚುವವರಿಗಾಗಿ ಬಹುಕಾಲ ತಯಾರಾಗುತ್ತಲೇ ಇದ್ದುವು. ಅಲ್ಲದೆ ಚಕಮಕಿಯ ಕೋವಿಯನ್ನು ಕೇಪಿಗೂ, ಮೊಳೆತೋಟಾದ ಕೋವಿಯನ್ನು ನಡುಬುಡದ ತೋಟಾಕ್ಕೂ ಮಾರ್ಪಡಿಸುವುದು ಸಾಮಾನ್ಯವಾಗಿತ್ತು. ಆದಕಾರಣ ರಚನೆಯೊಂದನ್ನೇ ನಂಬಿದವನು ಮೋಸಹೋಗುವುದುಂಟು.

ಎರಡನೆಯದು ಲೇಖ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ತಯಾರಕನ ಹೆಸರನ್ನೂ ವಿಳಾಸವನ್ನೂ ಕೆತ್ತುವುದು ವಾಡಿಕೆ. ಅಂಗಡಿ ಬೀದಿಯಿಂದ ಬೀದಿಗೆ ಹೋದ ವರ್ಷ ತಿಳಿದಿದ್ದರೆ ವಿಳಾಸವೇ ಕಾಲಸೂಚಕವಾಗುತ್ತದೆ. 1814ರಲ್ಲಿ ಸ್ಥಾಪಿತವಾದ ಪರ್ಡಿಯ ಅಂಗಡಿ 1826ರಲ್ಲಿ ಆಕ್ಸ್‌ಫರ್ಡ್ ಬೀದಿಗೂ, 1880ರ ದಶಕದ ಮೊದಲಲ್ಲಿ ಸೌತ್ ಆಡ್ಲಿ ಬೀದಿಗೂ ಹೋಯಿತು. ಕ್ರಮಸಂಖ್ಯೆ ಇದಕ್ಕಿಂತಲೂ ಸೂಕ್ಷ್ಮವಾದ ಸಾಧನ. ತಯಾರಕನ ದಿನಚರಿ ಪುಸ್ತಕಗಳು ಉಳಿದಿದ್ದರೆ ಅದರಿಂದ ವರ್ಷವೇ ದೊರೆಯಬಹುದು. ಆದರೆ ಸಂಖ್ಯೆಯನ್ನು ಕೊಟ್ಟ ದಿನ ಬೇರೆ, ಕೋವಿ ಕೊಂಡವನ ಕೈಸೇರಿದ ದಿನ ಬೇರೆ. ನಳಿಗೆ ಸವೆದು ಹೊಸದನ್ನು ಜೋಡಿಸಿದಾಗ ಹಳೆಯ ಸಂಖ್ಯೆಯನ್ನೇ ಅದರ ಮೇಲೆ ಕೆತ್ತುತ್ತಿದ್ದುದೂ ಉಂಟು.

ಹೆಸರಂತೂ ಸುಲಭವಾಗಿ ಕದಿಯಬಹುದಾದ ವಸ್ತು. 1835ರಲ್ಲಿ ತೀರಿಕೊಂಡ ಜೋಸೆಫ್ ಮ್ಯಾಂಟನ್ನನ ಕೀರ್ತಿ ದೊಡ್ಡದಾಗಿದ್ದುದರಿಂದ ಅವನು ಕಾಣದ ಕೋವಿಗಳ ಮೇಲೆಯೂ ಅವನ ಹೆಸರು ಏರಿತು. ಇಂಗ್ಲಿಷ್ ಹೆಸರಿರುವ ನಳಿಗೆಯ ಅಡಿಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ಇ.ಎಲ್.ಜಿ. ಎಂಬ ಅಕ್ಷರಗಳೂ ನಕ್ಷತ್ರವೂ ಕಂಡರೆ, ಆ ನಳಿಗೆ ಬೆಲ್ಜಿಯಮ್ಮಿನ ಲಿಯೇಜಿನಲ್ಲಿ ಪರೀಕ್ಷೆಗೊಳಗಾದುದು. ಆ ಚೌಕಟ್ಟಿನ ಮೇಲೆ ಕಿರೀಟವಿದ್ದರೆ ಮುದ್ರೆ 1893ರದು ಅಥವಾ ಅದಕ್ಕಿಂತ ಈಚಿನದು. ಕವಿಯ ಅಂಕಿತವನ್ನು ಅನ್ಯರು ತಮ್ಮ ವಚನಕ್ಕೆ ಹಾಕಿದ ಪ್ರಸಂಗವನ್ನು ಬಲ್ಲವರಿಗೆ ಇದು ಹೊಸತೆನಿಸದು.

ಮೂರನೆಯದಾದ ಮುದ್ರೆಯೇ ಎಲ್ಲಕ್ಕಿಂತ ಬಲವಾದ ಪ್ರಮಾಣ. ಏಕೆಂದರೆ ಅದನ್ನೊತ್ತಿದವನು ತಯಾರಕನಲ್ಲ, ಕಾನೂನಿನ ಅಧಿಕಾರವುಳ್ಳ ಪರೀಕ್ಷಕ. ರೂಢಿಗಿಂತ ಹೆಚ್ಚು ಮದ್ದನ್ನು ತುಂಬಿ ಹಾರಿಸಿ, ನಳಿಗೆ ಒಡೆಯದೆ ಉಳಿದರೆ ಅದರ ಮೇಲೆ ಮುದ್ರೆ ಬೀಳುತ್ತಿತ್ತು. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ ರಾಜಪತ್ರ ದೊರೆತುದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾನೂನಿನಿಂದ ಹುಟ್ಟಿತು. ಬರ್ಮಿಂಗ್‌ಹ್ಯಾಮಿನ ಹಳೆಯ ಮುದ್ರೆಯಲ್ಲಿ ಕಿರೀಟದ ಕೆಳಗೆ ಅಡ್ಡಲಾಗಿಟ್ಟ ಎರಡು ರಾಜದಂಡಗಳಿವೆ. 1904ರಲ್ಲಿ ಅದರ ಸ್ಥಾನಕ್ಕೆ ಕಿರೀಟದ ಕೆಳಗಿನ ಬಿ.ಪಿ. ಮತ್ತು ಬಿ.ವಿ. ಅಕ್ಷರಗಳು ಬಂದುವು. ಬಾಯಿಯ ಬಳಿ ಕಿರಿದಾಗುವ ನಳಿಗೆಗಳ ಮೇಲೆ 1875ರಿಂದ 1887ರ ವರೆಗೆ ‘ನಾಟ್ ಫಾರ್ ಬಾಲ್’, ಅಂದರೆ ಗುಂಡಿಗೆ ತಕ್ಕುದಲ್ಲ, ಎಂದು ಒತ್ತುತ್ತಿದ್ದರು. 1887ರಿಂದ ಅದರ ಬದಲಿಗೆ ‘ಚೋಕ್’ ಎಂಬ ಪದ ಬಂದಿತು. ಹೊಗೆಯಿಲ್ಲದ ಮದ್ದಿನ ಪರೀಕ್ಷೆಯ ಮುದ್ರೆ 1896ರ ನಿಯಮಗಳಿಂದ ಮೊದಲಾಯಿತು. 1925ರ ನಿಯಮಗಳ ತರುವಾಯ ತೋಟಾ ಕೂರುವ ಭಾಗದ ಉದ್ದವನ್ನೂ ಅಂಗುಲಗಳಲ್ಲಿ ಗುರುತಿಸತೊಡಗಿದರು.

ಈಗ ಒಂದೇ ನಳಿಗೆಯ ಅಡಿಯಲ್ಲಿ ಅಡ್ಡ ರಾಜದಂಡಗಳು, ‘ನಾಟ್ ಫಾರ್ ಬಾಲ್’, ಹೊಗೆಯಿಲ್ಲದ ಮದ್ದಿನ ಮುದ್ರೆ, ಎರಡೂವರೆ ಅಂಗುಲದ ಗುರುತು ಇವೆಲ್ಲವೂ ಇವೆಯೆಂದು ಭಾವಿಸೋಣ. ಅವಸರದ ಓದುಗನು ಕೊನೆಯ ಗುರುತನ್ನು ಹಿಡಿದು ಅದನ್ನು 1925ರ ಈಚಿನ ಕೋವಿಯೆಂದಾನು. ಸರಿಯಾದ ನಿರ್ಣಯವೇ ಬೇರೆ: ನಳಿಗೆ ಮೊದಲು ಪರೀಕ್ಷೆಗೊಂಡುದು 1875 ಮತ್ತು 1887ರ ನಡುವೆ, 1925ರ ತರುವಾಯ ಅದು ಮತ್ತೆ ಪರೀಕ್ಷಾಲಯಕ್ಕೆ ಹೋಗಿ ಬಂದಿದೆ. ಮುದ್ರೆಗಳಲ್ಲಿ ವಿರೋಧವಿಲ್ಲ, ಒಂದರ ಮೇಲೊಂದು ಕಾಲದ ಪದರಗಳಿವೆ.

ಗುರುತನ್ನು ಓದುವ ಕ್ರಮವೇ ತಪ್ಪಿದರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಶ್ರೀರಂಗಪಟ್ಟಣದ ಬಂದೂಕುಗಳೇ ಸಾಕ್ಷಿ. ಟಿಪ್ಪು ಸುಲ್ತಾನನ ಕಾರ್ಯಾಗಾರಗಳ ಆಯುಧಗಳ ಮೇಲೆ ಅವನೇ ಜಾರಿಗೆ ತಂದ ಮೌಲೂದಿ ಶಕದ ವರ್ಷವಿರುತ್ತದೆ; ಅಂಕಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅಂಕಗಳ ವಾಮಗತಿಯನ್ನು ಬಲ್ಲ ಶಾಸನಾಭ್ಯಾಸಿಗೆ ಇದು ಅಪರಿಚಿತವಲ್ಲ. ಮೌಲೂದಿ 1222 ಎಂಬುದು ಸುಮಾರು ಕ್ರಿ.ಶ. 1794. ಅದನ್ನೇ ಹಿಜರಿಯೆಂದು ಎಣಿಸಿದರೆ 1807 ಬರುತ್ತದೆ. ಸುಲ್ತಾನನು 1799ರಲ್ಲಿ ಮಡಿದಿರಲಾಗಿ, ಸತ್ತ ಎಂಟು ವರ್ಷಗಳ ಮೇಲೆ ಅವನು ಆಯುಧ ಮಾಡಿಸಿದಂತಾಗುತ್ತದೆ!

ಓಲೆಯ ಕಾಲವನ್ನು ತಪ್ಪಾಗಿ ಎಣಿಸಿದರೆ ಕೆಡುವುದು ಚರಿತ್ರೆ. ಕೋವಿಯ ವಿಷಯದಲ್ಲಿ ಪ್ರಾಣವೂ ಹೋಗಬಹುದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳಲ್ಲಿ ಬಹಳಷ್ಟು ಕರಿಮದ್ದಿನ ಒತ್ತಡಕ್ಕೆ ಮಾತ್ರ ಪರೀಕ್ಷೆಗೊಂಡವು. ಅವುಗಳಲ್ಲಿ ಹೊಗೆಯಿಲ್ಲದ ಮದ್ದಿನ ತೋಟಾವನ್ನು ಹಾರಿಸಿದರೆ ನಳಿಗೆ ಸಿಡಿಯುವ ಅಪಾಯವುಂಟು. ಹಳೆಯ ಮುದ್ರೆಯು ನಳಿಗೆ ಅಂದು ಯಾವ ಪರೀಕ್ಷೆಯನ್ನು ತಾಳಿತೆಂದು ಹೇಳುತ್ತದೆ. ಅನಂತರದ ತುಕ್ಕು ಸವೆತಗಳ ಮಾತನ್ನು ಅದು ಆಡದು. ಆದುದರಿಂದ ರಚನೆಯಿಂದ ಪೂರ್ವಾವಧಿಯನ್ನು ಹಿಡಿದು, ಲೇಖದಿಂದ ಅದನ್ನು ಕಿರಿದುಮಾಡಿ, ಮುದ್ರೆಯಿಂದ ಎರಡನ್ನೂ ಒರೆಗೆ ಹಚ್ಚಬೇಕು. ಮೂರೂ ಒಂದೇ ಮಾತನ್ನು ಹೇಳಿದಾಗ ನಿರ್ಣಯ ದೃಢವಾಗುತ್ತದೆ. ಭಿನ್ನವಾದ ಮಾತುಗಳನ್ನು ಹೇಳಿದಾಗ ಆ ಕೋವಿ ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಮಾರ್ಪಟ್ಟಿತೆಂಬ ವಿಚಾರಣೆ ಆರಂಭವಾಗಬೇಕು.