ವೇಗಕ್ಕೆ ಮುನ್ನ ಬ್ರೇಕು

ಹಳೆಯ ಕಾರು ಕೊಂಡು ಬಿಚ್ಚಿ ಜೋಡಿಸುವ ಗೀಳು ಮಗನಿಗೆ ಹತ್ತಿದರೆ ಹೆತ್ತವರ ಎದೆ ಹೊಡೆದುಕೊಳ್ಳುವುದು ಸಹಜ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಗೀಳು ಹಬ್ಬಿಸಿದ ಕಾರುಗಳಲ್ಲಿ ಮುಖ್ಯವಾದದ್ದು 1932ರ ಫೋರ್ಡ್ ವಿ-8. ಎಂಟು ಸಿಲಿಂಡರಿನ ಎಂಜಿನ್ನು, 65 ಅಶ್ವಶಕ್ತಿ, ಸಾಮಾನ್ಯರಿಗೆ ಎಟುಕುವ ಬೆಲೆ. ಹಳತಾದ ಮೇಲೆ ಇನ್ನೂ ಅಗ್ಗವಾಗಿ ಹುಡುಗರ ಕೈಸೇರಿತು. ಮಡ್‌ಗಾರ್ಡ್ ಕಳಚಿ ಭಾರ ಇಳಿಸಿದರು. ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು ಕೂರಿಸಿದರು. ಮುರಾಕ್ ಎಂಬ ಬತ್ತಿದ ಕೆರೆಯಂಗಳದಲ್ಲಿ ಓಡಿಸಿ ವೇಗ ಅಳೆದರು. ಮುಂದೆ ಇಂಥ ಕಾರುಗಳಿಗೆ ‘ಹಾಟ್ ರಾಡ್’ ಎಂಬ ಹೆಸರು ಬಿತ್ತು.

ಉರಿದ ಅನಿಲ ಹೊರಹೋಗುವ ದಾರಿ ಬ್ಲಾಕಿನೊಳಗೆ, ನೀರಿನ ಪಕ್ಕದಲ್ಲೇ ಹಾಯುತ್ತಿದ್ದರಿಂದ ಆ ಎಂಜಿನ್ನು ಬೇಗ ಕಾಯುತ್ತಿತ್ತು. ಅದು ಬರಿಯ ಕಿರಿಕಿರಿ. ನಿಜವಾದ ಅಪಾಯ ಬ್ರೇಕಿನದು. ಕಬ್ಬಿಣದ ಸರಳುಗಳು ಎಳೆಯುವ ಆ ಬ್ರೇಕನ್ನು ನಾಲ್ಕೂ ಚಕ್ರಕ್ಕೆ ಸಮನಾಗಿ ಹಿಡಿಯುವಂತೆ ಹೊಂದಿಸುವುದೇ ಕಷ್ಟ. 1939ರಲ್ಲಿ ಫೋರ್ಡ್ ಹೈಡ್ರಾಲಿಕ್ ಬ್ರೇಕಿಗೆ ಬದಲಾಯಿಸಿತು. ಜಾಣರು ಗುಜರಿಯಿಂದ ಅದನ್ನೇ ತಂದು ಹಳೆಯ ಕಾರಿಗೆ ಅಳವಡಿಸಿದರು. ಪೆಡಲ್ ಒತ್ತಿದರೆ ದ್ರವದ ಒತ್ತಡ ಕೊಳವೆಗಳಲ್ಲಿ ಎಲ್ಲೆಡೆ ಒಂದೇ ಸಮ ಹರಡುತ್ತದೆ. ಪಿಯುಸಿ ಭೌತಶಾಸ್ತ್ರದ ಪಾಸ್ಕಲ್ ನಿಯಮವೇ ಇದು!

ಬೀದಿಯಲ್ಲೇ ಪಂದ್ಯ ಕಟ್ಟುವವರೂ ಇದ್ದರು. ಅವರನ್ನು ರಸ್ತೆಯಿಂದ ಬಿಡಿಸಲೆಂದು ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದರು. ಅಲ್ಲಿ ಮೊದಲು ಕಾರಿನ ತಪಾಸಣೆ, ಆಮೇಲೆ ಓಟ.