ಏಕದಳ–ದ್ವಿದಳ ಮಿಶ್ರ ಮೇವು: ವ್ಯಾಪಾರದ ಅವಕಾಶ ಮತ್ತು ಹೊಣೆ

ಹೈನುಗಾರಿಕೆಯ ಒಟ್ಟು ಖರ್ಚಿನಲ್ಲಿ ಸಿಂಹಪಾಲು ಸಲ್ಲುವುದು ಮೇವು ಮತ್ತು ಪಶು ಆಹಾರಕ್ಕೆ. ಹಿಂಡಿಯ ಬೆಲೆ ಏರಿದಾಗ ಹಾಲು ಉತ್ಪಾದಕರ ಲಾಭ ಕರಗುತ್ತದೆ. ಉದ್ದರಿ ನೀಡಿದ ವರ್ತಕರಿಗೂ ಅದರ ಬಿಸಿ ತಟ್ಟುತ್ತದೆ. ಈ ಹೊರೆಯನ್ನು ಕೆಲಮಟ್ಟಿಗೆ ತಗ್ಗಿಸಬಲ್ಲ ಕ್ರಮವೆಂದರೆ ಹುಲ್ಲು ಜಾತಿಯ ಮೇವಿನೊಡನೆ ದ್ವಿದಳ ಮೇವನ್ನು ಸೇರಿಸಿ ಬೆಳೆಯುವುದು.

ಮಿಶ್ರ ಬೆಳೆಯ ಪ್ರಯೋಜನ

ಮೇವಿನ ಮೆಕ್ಕೆಜೋಳ ಹಾಗೂ ಸಂಕರಣ ನೇಪಿಯರ್ ಹುಲ್ಲು ಅಧಿಕ ಇಳುವರಿ ನೀಡುತ್ತವೆಯಾದರೂ, ಒಣ ತೂಕದಲ್ಲಿ ಅವುಗಳ ಕಚ್ಚಾ ಪ್ರೋಟೀನು ಸಾಮಾನ್ಯವಾಗಿ ಶೇ. 8ರಿಂದ 10ರಷ್ಟು ಮಾತ್ರ. ಅಲಸಂದೆ, ಕುದುರೆ ಮೆಂತ್ಯಗಳಲ್ಲಿ ಇದು ಶೇ. 16ರಿಂದ 20ರಷ್ಟಿರುತ್ತದೆ. ಇವುಗಳ ಬೇರುಗಂಟುಗಳಲ್ಲಿ ನೆಲೆಸುವ ರೈಜೋಬಿಯಂ ಜೀವಾಣುಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಆದರೆ ಯೂರಿಯಾ ಅತಿಯಾದಲ್ಲಿ ಹುಲ್ಲು ಸೊಂಪಾಗಿ ಬೆಳೆದು ದ್ವಿದಳವನ್ನು ನೆರಳಿನಲ್ಲಿ ಅಡಗಿಸುತ್ತದೆ.

ಆಫ್ರಿಕನ್ ಟಾಲ್ ಮೆಕ್ಕೆಜೋಳದ ಎರಡು ಅಥವಾ ಮೂರು ಸಾಲಿಗೆ ಅಲಸಂದೆಯ ಒಂದು ಸಾಲು ರೂಢಿಯಲ್ಲಿರುವ ಪ್ರಮಾಣ. ಮಳೆಯಾಶ್ರಿತ ಭೂಮಿಗೆ ಅಂಜನ್ ಹುಲ್ಲಿನೊಡನೆ ಸ್ಟೈಲೋ ಹೊಂದುತ್ತದೆ. ಹಸಿ ಕುದುರೆ ಮೆಂತ್ಯವೊಂದನ್ನೇ ಯಥೇಚ್ಛವಾಗಿ ತಿನ್ನಿಸಿದರೆ ದನಗಳಿಗೆ ಹೊಟ್ಟೆಯುಬ್ಬರ ಬರಬಹುದು. ಹುಲ್ಲಿನೊಡನೆ ಬೆರೆಸಿದಾಗ ಆ ಅಪಾಯ ಕಡಿಮೆ.

ಬೀಜ ವ್ಯಾಪಾರಿಗಳ ಗಮನಕ್ಕೆ

ಸಂಕರಣ ನೇಪಿಯರ್ ಬೀಜ ಕಟ್ಟುವುದಿಲ್ಲ. ಅದರ ಕಾಂಡದ ತುಂಡು ಇಲ್ಲವೇ ಬೇರುಸಹಿತ ಮರಿಗಳೇ ವ್ಯಾಪಾರದ ಸರಕು. 'ನೇಪಿಯರ್ ಬೀಜ'ವೆಂದು ಮಾರಲು ಬಂದವರನ್ನು ನಂಬಲಾಗದು. ಸ್ಟೈಲೋ ಬೀಜದ ಸಿಪ್ಪೆ ಗಡುಸಾದುದರಿಂದ ಬಿತ್ತನೆಗೆ ಮುನ್ನ ಬಿಸಿನೀರಿನ ಉಪಚಾರ ಅಗತ್ಯ. ಈ ಮಾಹಿತಿ ನೀಡದೆ ಮಾರಿದ ಬೀಜ ಮೊಳೆಯದಿದ್ದರೆ ದೂರು ಬರುವುದು ಅಂಗಡಿಗೇ. ಅಲಸಂದೆಗೆ ಬೇಕಾದ ರೈಜೋಬಿಯಂ ತಳಿ ಬೇರೆ, ಕುದುರೆ ಮೆಂತ್ಯದ್ದು ಬೇರೆ. ಪೊಟ್ಟಣದ ಮೇಲಿನ ಬೆಳೆಯ ಹೆಸರು, ಅವಧಿ ಎರಡನ್ನೂ ನೋಡಿ, ಬಿಸಿಲು ತಾಗದಂತೆ ದಾಸ್ತಾನು ಮಾಡಬೇಕು.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ಮಳೆಗಾಲದಲ್ಲಿ ಮಿಗುವ ಹಸಿಮೇವನ್ನು ಬೇಸಿಗೆಗೆ ಉಳಿಸುವ ವಿಧಾನವೇ ರಸಮೇವು. ದ್ವಿದಳದಲ್ಲಿ ಸಕ್ಕರೆಯ ಅಂಶ ಕಡಿಮೆಯಿರುವುದರಿಂದ ಅದೊಂದೇ ಸರಿಯಾಗಿ ಹುಳಿಯುವುದಿಲ್ಲ; ಮೆಕ್ಕೆಜೋಳ ಬೆರೆತರೆ ಈ ಕೊರತೆ ನೀಗುತ್ತದೆ. ಮೇವನ್ನು ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಗಾಳಿಯಾಡದಂತೆ ಒತ್ತಿ ತುಂಬಿ ಮುಚ್ಚಿದರೆ ಸುಮಾರು 45 ದಿನಗಳಲ್ಲಿ ಬಳಕೆಗೆ ಸಿದ್ಧವಾಗುತ್ತದೆ. ಆದ್ದರಿಂದ ಮೇವು ಕತ್ತರಿಸುವ ಯಂತ್ರ, ಅದರ ಬ್ಲೇಡು, ಗಾಳಿ ನುಸುಳದ ದಪ್ಪ ಚೀಲ, ಹೊದಿಕೆ ಹಾಳೆಗಳಿಗೆ ಬೇಡಿಕೆ ಇದೆ. ಚೀಲದಲ್ಲಿ ಸಣ್ಣ ರಂಧ್ರವಿದ್ದರೂ ಒಳಗಿನ ಮೇವಿಗೆ ಬೂಷ್ಟು ಹಿಡಿಯುತ್ತದೆಂಬುದನ್ನು ತಯಾರಕರು ಮರೆಯಬಾರದು.

ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲಿಯೇ ಇದೆ. ಆಸಕ್ತ ವರ್ತಕರು ತಳಿಗಳ ವಿವರವನ್ನು ಅಲ್ಲಿಂದ ಪಡೆದು, ಸರಕಿನೊಡನೆ ಸರಿಯಾದ ತಿಳಿವಳಿಕೆಯನ್ನೂ ಗ್ರಾಹಕರಿಗೆ ನೀಡಿದಲ್ಲಿ ಈ ವ್ಯಾಪಾರ ನೆಲೆ ನಿಲ್ಲುವುದರಲ್ಲಿ ಸಂದೇಹವಿಲ್ಲ.