ಅಟ್ಟದಿಂದಿಳಿದ ಅರಸು-ಅರಸಿಯರು

ಆಶ್ವಯುಜ ಮಾಸ ಸಮೀಪಿಸಿತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಗೊಂಬೆ ಕೂರಿಸುವ ಸಂಪ್ರದಾಯವುಳ್ಳ ಹಳೆಯ ಮನೆಗಳವರು ಅಟ್ಟಕ್ಕೆ ಏಣಿ ಹಾಕುತ್ತಾರೆ. ಆ ಅಟ್ಟದ ಒಡೆತನ ಕೊಬ್ಬರಿಯದೆಂಬುದು ಸರ್ವವಿದಿತ. ಬಲಿತ ಕಾಯಿಗಳು ಹತ್ತು ಹನ್ನೊಂದು ತಿಂಗಳು ಅಲ್ಲಿಯೇ ಒಣಗಿ, ಅಲುಗಿಸಿದರೆ ಒಳಗಿನ ಗಿಟುಕು ಸದ್ದು ಮಾಡುವವರೆಗೂ ಬಿದ್ದಿರುತ್ತವೆ. ಅವುಗಳ ಮಗ್ಗುಲಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು, ವರ್ಷಕ್ಕೆ ಒಂಬತ್ತು ದಿನ ಮಾತ್ರ ಆಳುವ ಅರಸು-ಅರಸಿಯರೂ ಉಂಟು!

ಇವೇ ಪಟ್ಟದ ಗೊಂಬೆಗಳು. ಹಳೆಯ ಮೈಸೂರು ಸೀಮೆಯಲ್ಲಿ ಮದುವೆಯಾದ ಮಗಳಿಗೆ ತವರಿನವರು ಕೊಟ್ಟು ಕಳುಹಿಸುವ ಈ ಮರದ ಜೋಡಿ, ಅವಳಿಂದ ಅವಳ ಮಗಳಿಗೋ ಸೊಸೆಗೋ ಸಲ್ಲುತ್ತದೆ. ಹೀಗೆ ಕೈಯಿಂದ ಕೈಗೆ ಬಂದ ಅರಸಿಯ ಮೂಗು ಸವೆದಿರುವುದೂ ಅರಸನ ತೋಳು ಮುರಿದಿರುವುದೂ ಆಶ್ಚರ್ಯವಲ್ಲ. ಪಾಡ್ಯಕ್ಕೆ ಇನ್ನು ನಾಲ್ಕೇ ದಿನವೆನ್ನುವಾಗ ಮನೆಯಲ್ಲಿ ಚರ್ಚೆ ಹುಟ್ಟುತ್ತದೆ: ಇದನ್ನು ದುರಸ್ತಿ ಮಾಡುವುದೋ, ಹೊಸತನ್ನು ಕೊಳ್ಳುವುದೋ?

ಹೊಸತನ್ನು ಕೊಳ್ಳುವುದು ಅಷ್ಟು ಸುಲಭವಲ್ಲ. ಹಳೆಯ ಜೋಡಿಗಳಲ್ಲಿ ಅನೇಕವು ರಕ್ತಚಂದನದವು. ಈ ಮರ ಆಂಧ್ರದ ಕಡಪ, ಚಿತ್ತೂರು ಕಡೆಯ ಬೆಟ್ಟಗಳದ್ದು. ತಿರುಪತಿಯ ಯಾತ್ರೆಗೆ ಹೋದವರು ಗೊಂಬೆಗಳನ್ನು ಅಲ್ಲಿಂದ ತರುವ ವಾಡಿಕೆಯಿತ್ತು. 1995ರಿಂದ ರಕ್ತಚಂದನದ ಅಂತರರಾಷ್ಟ್ರೀಯ ವ್ಯಾಪಾರವೇ ಕಟ್ಟುಪಾಡಿಗೆ ಒಳಪಟ್ಟಿದೆ. ಮನೆಯಲ್ಲಿರುವುದನ್ನು ಕೆಡಿಸಿಕೊಂಡರೆ ಅಂಥದ್ದೇ ಮತ್ತೆ ಸಿಕ್ಕೀತೆಂಬ ಭರವಸೆಯಿಲ್ಲ.

ಕೆಡಿಸುವುದಾದರೋ ಬಹುತೇಕ ಅಕ್ಕರೆಯಿಂದಲೇ! ತೆಂಗಿನ ಸೀಮೆಯವರಿಗೆ ಯಾವ ವಸ್ತು ಮಂಕಾದರೂ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ. ತಲೆಗೂದಲಿಗೆ ಅದು ಅಮೃತವಾಗಿರಬಹುದು, ಗೊಂಬೆಗೆ ಹಿತವಲ್ಲ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾದ ಪೊರೆಯಾಗುತ್ತದೆ; ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ. ಅದು ಅಂಟಂಟಾಗಿಯೇ ಉಳಿದು, ಅಟ್ಟದ ಹೊಗೆ ಧೂಳುಗಳನ್ನೆಲ್ಲ ಬರಮಾಡಿಕೊಳ್ಳುತ್ತದೆ. ಅರಸಿಯ ಮುಖ ವರ್ಷದಿಂದ ವರ್ಷಕ್ಕೆ ಕಪ್ಪಾಗುವುದಕ್ಕೆ ಮರದ ಮುಪ್ಪಿಗಿಂತ ಮನೆಯವರ ಉಪಚಾರವೇ ಹೆಚ್ಚು ಕಾರಣವಾಗಿದ್ದೀತು.

ಜಿಡ್ಡು ತೆಗೆಯಲು ಸ್ಪಿರಿಟ್ಟನ್ನು ಹಚ್ಚುವವರೂ ಇದ್ದಾರೆ. ರಕ್ತಚಂದನದ ಕೆಂಪು ನೀರಿಗಿಂತ ಸ್ಪಿರಿಟ್ಟಿನಲ್ಲಿ ಬೇಗ ಬಿಡುತ್ತದೆ. ಪಕ್ಕದ ಮೆಟ್ಟಿಲಲ್ಲಿರುವ ಚನ್ನಪಟ್ಟಣದ ಆಟಿಕೆಗಳಿಗಂತೂ ಅದು ಶತ್ರು. ಹಾಲೆಯ ಮರವನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗನ್ನು ಒತ್ತಿ, ಉಜ್ಜಾಟದ ಕಾವಿಗೆ ಕರಗಿಸಿ ಹಿಡಿಸಿದ ಆ ಮೆರುಗು ಸ್ಪಿರಿಟ್ಟಿಗೆ ಸುಲಭವಾಗಿ ಕರಗುತ್ತದೆ. ಮೆತ್ತನೆಯ ಒಣ ಬಟ್ಟೆ, ತಪ್ಪಿದರೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ, ಇಷ್ಟೇ ಸಾಕು. ಮುರಿದ ತೋಳಿಗೆ ಬಡಗಿಗಳು ಹಿಂದೆ ಬಿಸಿನೀರಿನಲ್ಲಿ ಕಾಯಿಸಿ ಹಚ್ಚುತ್ತಿದ್ದ ಅಂಟೇ ಮೇಲು. ಕೂಡಿಸಿದ್ದು ಓರೆಯಾದರೆ ಮತ್ತೆ ಕಾವು ಕೊಟ್ಟು ಬಿಡಿಸಬಹುದು.

ಇನ್ನು ಬಣ್ಣದ ಮಾತು. ತಲೆಮಾರುಗಳಿಂದ ಬಳಿದ ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸ ಇರುವ ಸಂಭವವುಂಟು. ನಮ್ಮ ದೇಶದಲ್ಲಿ ಗೃಹಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪದರಗಳನ್ನು ಜಗಲಿಯ ಮೇಲೆ ಕುಳಿತು ಉಪ್ಪು ಕಾಗದದಿಂದ ಉಜ್ಜಿ ಹುಡಿಯೆಬ್ಬಿಸುವುದು, ಪಕ್ಕದಲ್ಲಿ ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ, ಅಪಾಯದ ಕೆಲಸ. ಕೂಸುಗಳು ಕಂಡದ್ದನ್ನೆಲ್ಲ ಬಾಯಿಗಿಡುವುವಷ್ಟೆ! ಬಣ್ಣ ಉದುರದೆ ನಿಂತಿದ್ದರೆ ಅದನ್ನು ಮುಟ್ಟದಿರುವುದೇ ಜಾಣತನ.

ದೆಹಲಿಯ ರಾಷ್ಟ್ರಪತಿ ಭವನವನ್ನು ರೂಪಿಸಿದ ಲಟಿಯನ್ಸ್ ಎಂಬ ವಾಸ್ತುಶಿಲ್ಪಿಯೇ ಇಂಗ್ಲೆಂಡಿನ ಮೇರಿ ರಾಣಿಗಾಗಿ ಗೊಂಬೆಮನೆಯೊಂದನ್ನೂ ರಚಿಸಿದನು. 1924ರಲ್ಲಿ ಪೂರ್ಣಗೊಂಡ ಅದರ ನಲ್ಲಿಗಳಲ್ಲಿ ನೀರು ಹರಿಯುತ್ತಿತ್ತಂತೆ! ವಿಂಡ್ಸರ್ ಅರಮನೆಯಲ್ಲಿರುವ ಅದಕ್ಕೆ ಕಾವಲಿದೆ, ಆರೈಕೆಯಿದೆ. ತೆಂಗಿನ ಸೀಮೆಯ ಅರಸಿಗೆ ಇರುವುದು ಮನೆಯ ಹೆಂಗಸರ ಬೆರಳು ಮಾತ್ರ. ಅವರು ಹಳೆಯ ರೇಷ್ಮೆಯ ತುಂಡಿನಿಂದ ನೆರಿಗೆ ಹಿಡಿದು ಸೀರೆಯುಡಿಸುತ್ತಾರೆ. ಜರಿಯ ಅಂಚು ಕತ್ತರಿಸಿ ಅರಸನಿಗೆ ಪೇಟ ಸುತ್ತುತ್ತಾರೆ. ಸವೆದ ಮೂಗನ್ನು ಯಾರೂ ತಿದ್ದಹೋಗುವುದಿಲ್ಲ. ಅಜ್ಜಿಗೆ ಆ ಮುಖವೇ ಗುರುತು.

ವಿಜಯದಶಮಿಯ ರಾತ್ರಿ ಜೋಡಿಯನ್ನು ಮಲಗಿಸಿ, ಮರುದಿನ ಒಣ ಬಟ್ಟೆಯಲ್ಲಿ ಸುತ್ತುವಾಗ ಈ ಸಲ ಪೆಟ್ಟಿಗೆಯನ್ನು ಕೊಬ್ಬರಿಯ ಅಟ್ಟಕ್ಕೆ ಏರಿಸದೆ, ನಡುಮನೆಯ ಬೀರುವಿನಲ್ಲಿ ಇಟ್ಟರೆ ಹೊಗೆಯ ಕಾಟ ತಪ್ಪುತ್ತದೆ.